ಊಟದ ನಂತರದ ಹೊಟ್ಟೆನೋವು: ಲೆಸ್ಟರ್‌ಗೆ ಬಂದಿರುವ ಬೇಲೂರಿನ ತಮ್ಮನಿಗೆ

ಬೇಲೂರಿನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಇನ್ನೂ ವರ್ಷ ತುಂಬದ ನೀವು ಕೇಳಿರುವುದು ಇಷ್ಟು: ಊಟವಾದ ಸ್ವಲ್ಪ ಹೊತ್ತಿಗೆ ಎದೆಗೂಡಿನ ಕೆಳಗೆ ನೋವು ಬರುತ್ತದೆ, ಜಿಪಿ (ಇಲ್ಲಿನ ಕುಟುಂಬ ವೈದ್ಯರು) ನಾಲ್ಕು ವಾರಕ್ಕೆ ಒಮೆಪ್ರಜೋಲ್ ಬರೆದುಕೊಟ್ಟು ಕಳುಹಿಸಿದ್ದಾರೆ, ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದಿದ್ದಾರೆ, ಹಾಸನಕ್ಕೆ ಬಂದರೆ ಒಂದೇ ದಿನದಲ್ಲಿ ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ) ಮಾಡಿಸಬಹುದೆಂದು ಮನೆಯವರು ಒತ್ತಾಯಿಸುತ್ತಿದ್ದಾರೆ, ಕಾಯಬೇಕೇ, ಹೊರಡಬೇಕೇ? ನೀವು ವಿವರಿಸಿರುವ ಸ್ಥಿತಿಯಲ್ಲಿ ಕೂಡಲೇ ವಿಮಾನ ಹತ್ತುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಕಾಯುವ ಈ ವಾರಗಳಲ್ಲಿ ಮಾಡಬೇಕಾದ ಕೆಲಸಗಳಿವೆ, ಮಾಡಲೇಬಾರದ ಕೆಲಸಗಳೂ ಇವೆ.

ಹಾಸನದಲ್ಲಿ ನಾವು ನೇರವಾಗಿ ತಜ್ಞರ ಬಳಿ ಚೀಟಿ ಮಾಡಿಸಿ, ಸಂಜೆಯೊಳಗೆ ಸ್ಕ್ಯಾನಿಂಗ್ ವರದಿ ಹಿಡಿದು ಮನೆ ಸೇರುತ್ತೇವೆ. ಇಲ್ಲಿ ಎನ್‌ಎಚ್‌ಎಸ್‌ನ, ಅಂದರೆ ಸರ್ಕಾರಿ ಆರೋಗ್ಯ ಸೇವೆಯ, ತಜ್ಞರನ್ನು ಕಾಣಲು ಸಾಮಾನ್ಯವಾಗಿ ಜಿಪಿಯ ಪತ್ರ ಬೇಕು. ನಿಮಗೆ ಒಮೆಪ್ರಜೋಲ್ ಕೊಟ್ಟು ಕಳುಹಿಸಿದ್ದು ಅಸಡ್ಡೆಯಲ್ಲ. ಅಪಾಯದ ಲಕ್ಷಣಗಳಿಲ್ಲದವರಿಗೆ ನಾಲ್ಕು ವಾರ ಆಮ್ಲ ತಗ್ಗಿಸುವ ಔಷಧಿ ಕೊಡುವುದು, ಇಲ್ಲವೇ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷಿಸುವುದು ಇಲ್ಲಿನ ಮಾರ್ಗಸೂಚಿ ಹೇಳುವ ಮೊದಲ ಹೆಜ್ಜೆ. ವೀಸಾ ಜೊತೆ ಕಟ್ಟಿದ ಆರೋಗ್ಯ ಶುಲ್ಕ, ಅಂದರೆ 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್, ಈ ಸೇವೆಗೆಂದೇ ಇರುವುದರಿಂದ ಮತ್ತೆ ಹೋಗಲು ಸಂಕೋಚಪಡಬೇಡಿ.

ಮುಂದಿನ ಭೇಟಿಯಲ್ಲಿ ಪೈಲೋರಿ ಪರೀಕ್ಷೆಯನ್ನು ನೀವೇ ಕೇಳಿ. ಹೊಟ್ಟೆಹುಣ್ಣಿಗೂ ಈ ಬ್ಯಾಕ್ಟೀರಿಯಾಕ್ಕೂ ಇರುವ ನಂಟನ್ನು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂದಿತು. ನಮ್ಮ ದೇಶದವರಲ್ಲಿ ಅದು ಬಹಳ ಸಾಮಾನ್ಯ. ಮಲದ ಅಥವಾ ಉಸಿರಿನ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಆದರೆ ಅದಕ್ಕೆ ಮುಂಚಿನ ಎರಡು ವಾರ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಗುಳಿಗೆಗಳನ್ನೂ ನಾಲ್ಕು ವಾರ ಆ್ಯಂಟಿಬಯಾಟಿಕ್‌ಗಳನ್ನೂ ತೆಗೆದುಕೊಂಡಿರಬಾರದು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ವರದಿ ಬರಬಹುದು. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಪ್ಯಾಂಟೊಪ್ರಜೋಲ್ ಸ್ಟ್ರಿಪ್‌ಗಳನ್ನು ತುಂಬಿಕೊಂಡು ಬಾರದ ಕನ್ನಡಿಗರನ್ನು ನಾನು ಕಂಡದ್ದು ಕಡಿಮೆ. ಹಾಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇದೇ ರೀತಿ, ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಬ್ರೆಡ್ ಒಗ್ಗುತ್ತಿಲ್ಲವೆಂದು ನೀವಾಗಿಯೇ ಗೋಧಿ ಬಿಟ್ಟುಬಿಡಬೇಡಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ರಾಗಿಯಲ್ಲೂ ಅಕ್ಕಿಯಲ್ಲೂ ಇಲ್ಲ. ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ನಂಬುವಂತಿರಬೇಕಾದರೆ, ಅದಕ್ಕೆ ಮೊದಲು ಕನಿಷ್ಠ ಆರು ವಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿಯ ಪದಾರ್ಥ ತಿಂದಿರಬೇಕು. ನಿಮಗೆ ಆದ ರಕ್ತಪರೀಕ್ಷೆಯಲ್ಲಿ ಇದು ಸೇರಿತ್ತೇ ಎಂಬುದನ್ನು ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ನೋಡಿ, ಅಲ್ಲಿ ಕಾಣದಿದ್ದರೆ ಕೇಳಿ. ಹಾಲನ್ನು ಮಾತ್ರ ಎರಡು ವಾರ ಬಿಟ್ಟು ನೋಡಲು ಅಡ್ಡಿಯಿಲ್ಲ: ಊರಿನಲ್ಲಿ ಮಜ್ಜಿಗೆ ಮತ್ತು ಒಂದು ಲೋಟ ಕಾಫಿಗೆ ಸೀಮಿತವಾಗಿದ್ದವರು ಇಲ್ಲಿ ಬಟ್ಟಲು ತುಂಬ ಹಾಲು ಸುರಿದು ಸೀರಿಯಲ್ ತಿನ್ನತೊಡಗಿದಾಗ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸಿ ನೋಯುವುದುಂಟು.

ಜಿಪಿಯ ಭೇಟಿ ಹತ್ತು ನಿಮಿಷದ ಆಸುಪಾಸಿನದು; ಆದ್ದರಿಂದ ಅರ್ಧ ಪುಟದ ಬರಹವೊಂದನ್ನು ಒಯ್ಯಿರಿ. ಏನು ತಿಂದಿರಿ, ಎಷ್ಟು ಹೊತ್ತಿನ ಮೇಲೆ ನೋವು ಬಂತು, ಎಲ್ಲಿ ಶುರುವಾಗಿ ಎಲ್ಲಿಗೆ ಹರಡಿತು, ಎಷ್ಟು ಹೊತ್ತು ಇತ್ತು, ನಿದ್ದೆಯಿಂದ ಎಬ್ಬಿಸಿತೇ, ಮಲವಿಸರ್ಜನೆಯಾದ ಮೇಲೆ ಕಡಿಮೆಯಾಯಿತೇ, ತೂಕ ಎಷ್ಟಿದೆ ಎಂಬುದೆಲ್ಲ ಅದರಲ್ಲಿರಲಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ನುಂಗುವ ಅಭ್ಯಾಸವಿದ್ದರೆ ಅದನ್ನೂ, ಮನೆಯಿಂದ ಬಂದ ಚೂರ್ಣ, ಕಷಾಯಗಳನ್ನೂ ಬರೆಯಿರಿ. ನನಗೂ ಹಿಂದೆ ಇಂಥ ನೋವಿತ್ತು. ಕರಿದದ್ದು ತಿಂದ ರಾತ್ರಿಗಳಲ್ಲಿ ಪಕ್ಕೆಲುಬಿನ ಕೆಳಗೆ ಬಲಕ್ಕೆ ಹುಟ್ಟಿ ಭುಜದವರೆಗೆ ಹೋಗುತ್ತಿತ್ತೆಂದು ಬರೆದುಕೊಂಡಿದ್ದನ್ನು ಓದಿಯೇ ಜಿಪಿ ಅಲ್ಟ್ರಾಸೌಂಡ್‌ಗೆ ಕಳುಹಿಸಿದರು, ಪಿತ್ತಕೋಶದಲ್ಲಿ ಕಲ್ಲು ಕಂಡಿತು. ರಕ್ತಪರೀಕ್ಷೆಗಳು ಆಗಲೂ ಸರಿಯಾಗಿಯೇ ಇದ್ದವು.

ನಮ್ಮ ಕಡೆಯವರು ಹೇಳಲೇಬೇಕಾದ ಇನ್ನೊಂದು ಸಂಗತಿ ಕ್ಷಯ. ವೀಸಾಕ್ಕೆಂದು ತೆಗೆಸಿದ ಎಕ್ಸ್‌ರೇ ಶ್ವಾಸಕೋಶವನ್ನಷ್ಟೇ ತೋರಿಸುತ್ತದೆ, ಕರುಳಿನ ಕ್ಷಯವನ್ನಲ್ಲ. ಇದು ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯನ್ನು ಬಹಳ ಹೋಲುತ್ತದೆ, ಮತ್ತು ಕ್ರೋನ್ಸ್‌ಗೆ ಕೊಡುವ ಸ್ಟಿರಾಯ್ಡ್ ಕ್ಷಯವನ್ನು ಉಲ್ಬಣಗೊಳಿಸಬಲ್ಲದು. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ, ಸಂಜೆಯ ಹೊತ್ತು ಜ್ವರ ಬರುತ್ತಿದ್ದರೆ, ಕೇಳುವವರೆಗೆ ಕಾಯದೆ ತಿಳಿಸಿ.

ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಪದೇ ಪದೇ ವಾಂತಿಯಾಗುವುದು ಕಂಡರೆ ಜಿಪಿಗೆ ಆ ದಿನವೇ ಫೋನ್ ಮಾಡಿ. ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ, ನೋವು ತಡೆಯಲಾರದಷ್ಟಾದರೆ 999ಕ್ಕೆ ಕರೆ ಮಾಡಬೇಕು ಅಥವಾ ತುರ್ತು ವಿಭಾಗಕ್ಕೆ ಹೋಗಬೇಕು. ಯಾವುದೆಂದು ತೋಚದಿದ್ದರೆ ಎನ್‌ಎಚ್‌ಎಸ್‌ನ ಸಲಹಾ ಫೋನ್ 111 ಇದೆ. ಇಂಥದ್ದೇನೂ ಇಲ್ಲದೆ ನೋವು ಮಾತ್ರ ಮುಂದುವರಿದರೂ ನಿಮಗೊಂದು ಆಧಾರವುಂಟು. ಒಂದೇ ತೊಂದರೆಗೆ ರೋಗಿ ಮೂರು ಸಲ ಬಂದರೂ ಕಾರಣ ಸಿಗದಿದ್ದರೆ ವೈದ್ಯರು ಮೊದಲಿನಿಂದ ಯೋಚಿಸಬೇಕೆಂಬ ‘ಜೆಸ್ಸ್ ರೂಲ್’ 2025ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿದೆ. ಮೂರನೆಯ ಭೇಟಿಯಲ್ಲಿ ಅದರ ಹೆಸರೆತ್ತಿ, ವಿನಯದಿಂದಲೇ ತಜ್ಞರಿಗೆ ಪತ್ರ ಕೇಳಿ.

ರಜೆಗೆ ಊರಿಗೆ ಹೋಗುವುದು ಹೇಗೂ ಇದ್ದರೆ ಹಾಸನದಲ್ಲಿ ಎಂಡೋಸ್ಕೋಪಿ ಮಾಡಿಸಿಕೊಳ್ಳುವುದು ತಪ್ಪೇನಲ್ಲ. ಒಮೆಪ್ರಜೋಲ್ ಗುಳಿಗೆಯನ್ನು ಎಂದು ನಿಲ್ಲಿಸಬೇಕೆಂದು ಮೊದಲೇ ವಿಚಾರಿಸಿ, ಬಯಾಪ್ಸಿ (ಪರೀಕ್ಷೆಗೆಂದು ಅಂಗಾಂಶದ ಚೂರು) ತೆಗೆದಿದ್ದರೆ ಅದರ ವರದಿಯನ್ನೂ ಸೇರಿಸಿ ತಂದು ಜಿಪಿಗೆ ಕೊಡಿ. ಎಲ್ಲವೂ ಸರಿಯಿದೆಯೆಂದು ಬಂದರೆ ಅವರು ಫಂಕ್ಷನಲ್ ಡಿಸ್ಪೆಪ್ಸಿಯಾ ಎನ್ನಬಹುದು. ಜಠರದ ರಚನೆಯಲ್ಲಿ ದೋಷವಿಲ್ಲದಿದ್ದರೂ ಅದರ ಚಲನೆ ಮತ್ತು ನರಗಳ ಸೂಕ್ಷ್ಮತೆಯಿಂದ ನಿಜವಾದ ನೋವು ಬರುವ ಸ್ಥಿತಿಯದು. ಅದಕ್ಕೆ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ, ಖಿನ್ನತೆಯ ಗುಳಿಗೆ ಏಕೆ ಕೊಟ್ಟರೆಂದು ಮನೆಯವರು ಗಾಬರಿಯಾಗದಂತೆ, ಇಲ್ಲಿ ಅದನ್ನು ನೋವಿನ ನರಗಳನ್ನು ಶಮನಗೊಳಿಸಲು ಕೊಡುತ್ತಾರೆಂದೂ ಗುಣ ಕಾಣಲು ಕೆಲವು ವಾರಗಳು ಬೇಕೆಂದೂ ಮೊದಲೇ ತಿಳಿಸಿಬಿಡಿ.