ಹೆಸರು ಬರೆದು ಬೀಜ ಹಂಚುವ ಮುಂಚೆ

ಮೆಣಸಿನಕಾಯಿ ಗಿಡದ ಬಗ್ಗೆ ಅವೇ ಐದಾರು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ, ಈ ಸಲ ಒಟ್ಟಿಗೆ ಉತ್ತರಿಸುತ್ತೇನೆ. ಕುಂಡ ಎಷ್ಟು ದೊಡ್ಡದಿರಬೇಕು, ನೀರು ಎಷ್ಟು ಹಾಕಬೇಕು ಅನ್ನುವುದನ್ನು ಹೇಳುವುದಿಲ್ಲ. ಹಳೇ ತಳಿ ಉಳಿಸಲು ಹೊರಟವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಗೆಳತಿಯೊಬ್ಬರು ಹಳೇ ತಳಿಯ ಮೆಣಸಿನ ಬೀಜ ಕೊಟ್ಟರು. ಉದ್ದನೆಯ, ಜೋತು ಬೀಳುವ ಕಾಯಿ ಬರಬೇಕಿತ್ತು. ಆರು ಗಿಡಗಳಲ್ಲಿ ಎರಡರಲ್ಲಿ ಮಾತ್ರ ಹಾಗೆ ಬಂದಿದೆ. ಮೂರರಲ್ಲಿ ಗಿಡ್ಡ ಕಾಯಿ. ಒಂದರಲ್ಲಿ ಕಾಯಿಗಳು ಆಕಾಶ ನೋಡುತ್ತಾ ನಿಂತಿವೆ. ಮಣ್ಣಿನ ದೋಷವೇ?

ಉತ್ತರ: ಮಣ್ಣನ್ನು ಬೈಯಬೇಡಿ. ಮಣ್ಣು, ಬಿಸಿಲು, ಗೊಬ್ಬರದಿಂದ ಕಾಯಿ ಸಣ್ಣದಾಗಬಹುದು, ದಪ್ಪವಾಗಬಹುದು. ಜೋತು ಬೀಳುವ ಕಾಯಿ ತಲೆ ಎತ್ತಿ ನಿಲ್ಲುವುದಿಲ್ಲ. ನಿಮಗೆ ಬಂದದ್ದು ಬೆರಕೆ ಬೀಜ.

ಬೆರಕೆ ಯಾವಾಗ ಆಯಿತು ಅನ್ನುವುದನ್ನೂ ಆ ಗಿಡಗಳೇ ಹೇಳುತ್ತಿವೆ. ಜೋತು ಬೀಳುವ ಗುಣ ಮುಂದೆ ಬಂದು ಕಾಣಿಸಿಕೊಳ್ಳುವಂಥದ್ದು. ತಲೆ ಎತ್ತಿ ನಿಲ್ಲುವ ಗುಣ ಅದರ ಹಿಂದೆ ಅಡಗಿ ಕೂರುವಂಥದ್ದು. ಎರಡು ತಳಿ ಬೆರೆತ ಮೊದಲ ಪೀಳಿಗೆಯಲ್ಲಿ ಕಾಯಿ ಜೋತೇ ಬೀಳುತ್ತದೆ. ಅದರ ಬೀಜ ಬಿತ್ತಿದಾಗ ನಾಲ್ಕರಲ್ಲಿ ಸುಮಾರು ಒಂದು ಗಿಡದಲ್ಲಿ ಅಡಗಿದ್ದು ಹೊರಗೆ ಬರುತ್ತದೆ. ಅಂದರೆ ನಿಮ್ಮ ಗೆಳತಿ ಬೀಜ ತೆಗೆದ ಗಿಡವೇ ಬೆರಕೆಯಾಗಿತ್ತು. ಕಾಯಿ ಜೋತು ಬಿದ್ದಿದ್ದರಿಂದ ಅವರಿಗೆ ಅನುಮಾನ ಬರಲಿಲ್ಲ. ಪೊಟ್ಟಣದ ಮೇಲೆ ಹೆಸರು ಬರೆದುಬಿಟ್ಟರು.

‘ಮೆಣಸಿನ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತೆ, ಬೆರಕೆಯ ಭಯ ಬೇಡ’ ಅಂತ ಎಲ್ಲರೂ ಹೇಳುತ್ತಾರೆ. ಈ ಅರ್ಧ ಸತ್ಯ ಎಷ್ಟು ತಳಿಗಳನ್ನು ಹಾಳು ಮಾಡಿದೆಯೋ! ಬೆಳಿಗ್ಗೆ ಈಗತಾನೇ ಬಿಚ್ಚಿದ ಒಂದು ಹೂವನ್ನು ಹತ್ತಿರದಿಂದ ನೋಡಿ. ಎಸಳು ತೆರೆದಿರುತ್ತದೆ, ಆದರೆ ನೀಲಿ ಛಾಯೆಯ ಪರಾಗದ ಚೀಲಗಳು ಇನ್ನೂ ಒಡೆದಿರುವುದಿಲ್ಲ. ಎಷ್ಟೋ ತಳಿಗಳಲ್ಲಿ ಹೆಣ್ಣು ಭಾಗದ ತುದಿ ಅವುಗಳನ್ನು ದಾಟಿ ಮುಂದೆ ಚಾಚಿಕೊಂಡಿರುತ್ತದೆ. ಆ ಹೊತ್ತಿಗೆ ಪಕ್ಕದ ಗಿಡದಿಂದ ಒಂದು ಜೇನ್ನೊಣ ಬಂದು ಕೂತರೆ ಮುಗಿಯಿತು. ಮೆಣಸಿನಲ್ಲಿ ಹೀಗೆ ಹೊರಗಿನ ಪರಾಗ ಬೆರೆಯುವುದು ಶೇಕಡಾ 2ರಿಂದ ಹಿಡಿದು 90ರವರೆಗೂ ದಾಖಲಾಗಿದೆ. ನಿಮ್ಮ ತೋಟದಲ್ಲಿ ಅದು ಎಷ್ಟು ಅಂತ ಊಹಿಸಿ ಹೇಳುವ ಧೈರ್ಯ ನನಗಿಲ್ಲ.

‘ಕುಂಡಗಳ ನಡುವೆ ಹತ್ತು ಅಡಿ ಬಿಟ್ಟಿದ್ದೇನೆ’ ಅಂತ ಕೆಲವರು ಬರೆಯುತ್ತಾರೆ. ಜೇನ್ನೊಣಕ್ಕೆ ಹತ್ತು ಅಡಿ ಯಾವ ಲೆಕ್ಕ? ಬೀಜಕ್ಕಾಗಿಯೇ ಬೆಳೆಯುವವರು ನೂರಾರು ಮೀಟರ್ ಅಂತರ ಬಿಡುತ್ತಾರೆ. ಮನೆಯಲ್ಲಿ ಅದು ಆಗದ ಮಾತು. ಅದಕ್ಕೇ ಚೀಲ ಕಟ್ಟಬೇಕು.

ತೆಳು ಬಲೆ ಬಟ್ಟೆಯ ಚೀಲ ಸಾಕು, ಪ್ಲಾಸ್ಟಿಕ್ ಬೇಡ. ಮೊಗ್ಗುಗಳಿರುವ ಒಂದು ಕೊಂಬೆ ಆರಿಸಿಕೊಳ್ಳಿ. ಅದರಲ್ಲಿ ಆಗಲೇ ಬಿಚ್ಚಿದ ಹೂವು, ಹಿಡಿದ ಕಾಯಿ ಇದ್ದರೆ ಒಂದನ್ನೂ ಬಿಡದೆ ಚಿವುಟಿ ತೆಗೆಯಿರಿ. ಇಲ್ಲಿ ಕರುಣೆ ತೋರಿಸಿದವರೇ ಆಮೇಲೆ ನನಗೆ ಪತ್ರ ಬರೆಯುವುದು. ಚೀಲ ಹಾಕಿ ಬಾಯಿಯನ್ನು ಇರುವೆಯೂ ನುಗ್ಗದ ಹಾಗೆ ಕಟ್ಟಿ. ದಿನಾ ಬೆಳಿಗ್ಗೆ ಕೊಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಪರಾಗ ಉದುರುತ್ತದೆ. ನಾಲ್ಕೈದು ಕಾಯಿ ಹಿಡಿದ ಮೇಲೆ ಚೀಲ ತೆಗೆದು, ಆ ಕಾಯಿಗಳ ತೊಟ್ಟಿಗೆ ಆ ಕ್ಷಣವೇ ಬಣ್ಣದ ದಾರ ಕಟ್ಟಿ. ನಾಳೆ ಕಟ್ಟೋಣ ಅಂದರೆ ಯಾವ ಕಾಯಿ ಚೀಲದೊಳಗಿನದು ಅಂತ ಮರೆತೇ ಹೋಗುತ್ತದೆ. ಬೀಜಕ್ಕೆ ದಾರ ಕಟ್ಟಿದ ಕಾಯಿ ಮಾತ್ರ. ಒಂದೇ ಗಿಡ ನಂಬಬೇಡಿ, ಕನಿಷ್ಠ ಐದಾರು ಗಿಡಗಳಲ್ಲಿ ಹೀಗೆ ಮಾಡಿ.

ಬೇಸಾಯಕ್ಕೆ ಬಂದ ಮೆಣಸಿನ ಜಾತಿಗಳು, ಸಸ್ಯಶಾಸ್ತ್ರದ ಹೆಸರಿನಲ್ಲಿ ಹೇಳುವುದಾದರೆ, ಐದು: ಆನ್ಯುಮ್, ಚೈನೆನ್ಸ್, ಫ್ರುಟೆಸೆನ್ಸ್, ಬಕಾಟಮ್, ಪ್ಯುಬೆಸೆನ್ಸ್. ಕೊನೆಯದು ನೇರಳೆ ಹೂವು, ಕಪ್ಪು ಬೀಜದ್ದು, ಉಳಿದವುಗಳ ಜೊತೆ ಬೆರೆಯುವುದಿಲ್ಲ ಅಂತಲೇ ಇಟ್ಟುಕೊಳ್ಳಬಹುದು. ಆನ್ಯುಮ್ ಮತ್ತು ಚೈನೆನ್ಸ್ ಬೆರೆಯುತ್ತವೆ. ಜಾತಿ ಬೇರೆ ಅಂತ ಚೀಲ ಬಿಡಬೇಡಿ.

ನಾನು ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ಹತ್ತಿರ ಹಣ್ಣಾದಾಗ ಕಂದು ಬಣ್ಣಕ್ಕೆ ತಿರುಗುವ ಒಂದು ಮೆಣಸು ಇತ್ತು. ಹಿರಿಯರೊಬ್ಬರು ಕಾಗದದಲ್ಲಿ ಮಡಿಚಿ ಕೊಟ್ಟ ಬೀಜ. ಒಂದು ವರ್ಷ ಚೀಲ ಕಟ್ಟಲು ಪುರುಸೊತ್ತಾಗಲಿಲ್ಲ. ಆ ವರ್ಷದ ಬೀಜವನ್ನೇ ಹನ್ನೊಂದು ಜನಕ್ಕೆ ಹಂಚಿದೆ, ಹಳೇ ಬೀಜ ಒಂದೂ ಉಳಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಗಿಡಗಳಲ್ಲಿ ಕೆಂಪು ಹಣ್ಣು ಬಂತು. ಹನ್ನೊಂದು ಜನರ ಮನೆಯಲ್ಲೂ ಅದೇ ಕಥೆ. ಮರುವರ್ಷ ಅದರ ಬೀಜದಿಂದ ಕಂದು ಬಣ್ಣ ವಾಪಸ್ ಬಂತು, ಆದರೆ ಆ ಸುಕ್ಕು ಸುಕ್ಕಾದ ಉದ್ದ ಕಾಯಿ, ಆ ಪರಿಮಳ ಬರಲೇ ಇಲ್ಲ. ಕೊಟ್ಟವರನ್ನು ಇನ್ನೊಂದು ಸಲ ಕೇಳೋಣವೆಂದರೆ ಅವರು ತೀರಿಕೊಂಡಿದ್ದರು.

ಆದ್ದರಿಂದ ಪೊಟ್ಟಣದ ಮೇಲೆ ತಳಿಯ ಹೆಸರಿನ ಜೊತೆ ವರ್ಷ, ಎಷ್ಟು ಗಿಡಗಳ ಬೀಜ, ಯಾರಿಂದ ಬಂತು, ಚೀಲ ಕಟ್ಟಿದ್ದೋ ಇಲ್ಲವೋ ಅಷ್ಟನ್ನೂ ಬರೆಯಿರಿ. ‘ಚೀಲ ಕಟ್ಟಿಲ್ಲ’ ಅಂತ ಬರೆಯುವುದರಲ್ಲಿ ಅವಮಾನ ಏನೂ ಇಲ್ಲ. ನಿಮ್ಮ ಆರು ಗಿಡಗಳ ಕಾಯಿ ಅಡುಗೆಗೆ ಬಳಸಿ, ಬೀಜ ಮಾತ್ರ ಆ ಹೆಸರಿನಲ್ಲಿ ಯಾರಿಗೂ ಕೊಡಬೇಡಿ. ಗೆಳತಿಗೆ ಇವತ್ತೇ ತಿಳಿಸಿ. ಅವರ ಹತ್ತಿರ ಇನ್ನೂ ಹಳೇ ವರ್ಷದ ಬೀಜ ಇರಬಹುದು, ಅದನ್ನು ಮೊದಲು ಕಾಪಾಡಬೇಕು.

ಪ್ರಶ್ನೆ: ದೊಣ್ಣೆ ಮೆಣಸಿನಕಾಯಿ ಪಕ್ಕದಲ್ಲಿ ಖಾರದ ಗಿಡ ನೆಟ್ಟರೆ ದೊಣ್ಣೆ ಮೆಣಸೂ ಖಾರ ಆಗುತ್ತಾ?

ಉತ್ತರ: ಈ ವರ್ಷ ಆಗುವುದಿಲ್ಲ. ಕಾಯಿಯ ತಿರುಳು ತಾಯಿ ಗಿಡದ್ದು, ಪರಾಗ ಎಲ್ಲಿಂದ ಬಂದರೂ ಅದಕ್ಕೆ ಖಾರ ಹತ್ತುವುದಿಲ್ಲ. ಬದಲಾಗುವುದು ಒಳಗಿನ ಬೀಜ. ಅದನ್ನು ಬಿತ್ತಿದರೆ ಮುಂದಿನ ವರ್ಷದ ಕಾಯಿ ಖಾರವಾಗಿರುತ್ತದೆ, ಯಾಕಂದರೆ ಸಪ್ಪೆ ಗುಣದ ಮುಂದೆ ಖಾರದ ಗುಣವೇ ಗೆಲ್ಲುತ್ತದೆ. ಅಂದಹಾಗೆ ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ.

ಪ್ರಶ್ನೆ: ಮೂರು ಉಬ್ಬಿರುವ ದೊಣ್ಣೆ ಮೆಣಸು ಗಂಡು, ನಾಲ್ಕು ಉಬ್ಬಿರುವುದು ಹೆಣ್ಣು. ಬೀಜಕ್ಕೆ ಯಾವುದು ಒಳ್ಳೆಯದು?

ಉತ್ತರ: ಕಾಯಿಯಲ್ಲಿ ಗಂಡು ಹೆಣ್ಣು ಅಂತ ಇಲ್ಲ. ಇದನ್ನು ದಯವಿಟ್ಟು ಇನ್ನೊಬ್ಬರಿಗೆ ಹೇಳಬೇಡಿ.

ಪ್ರಶ್ನೆ: ಕಡು ನೀಲಿ, ಕಾಮನಬಿಲ್ಲಿನ ಬಣ್ಣದ ಮೆಣಸಿನ ಬೀಜ ಮಾರುತ್ತಿದ್ದಾರೆ. ತರಿಸಲಾ?

ಉತ್ತರ: ಬೇಡ. ನೇರಳೆ ಮೆಣಸು ಇದೆ, ಅದೂ ಹಣ್ಣಾಗುವಾಗ ಸಾಮಾನ್ಯವಾಗಿ ಕೆಂಪಾಗುತ್ತದೆ. ಆ ಚಿತ್ರಗಳಿಗೆ ಬಣ್ಣ ಬಳಿದದ್ದು ಕಂಪ್ಯೂಟರ್. ಹೀಗೆ ದುಡ್ಡು ಕಳೆದುಕೊಂಡವರು ‘ಬೆಳೆಸಲು ನನಗೇ ಬರಲಿಲ್ಲ’ ಅಂತ ತಮ್ಮನ್ನೇ ಬೈದುಕೊಳ್ಳುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಗಿಡದ ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಇದೆ, ಆದರೆ ಕಾಯಿ ಚೆನ್ನಾಗಿದೆ. ಬೀಜ ಹಂಚಬಹುದಾ?

ಉತ್ತರ: ಹಂಚಬಾರದು. ಅದು ಮೊಸಾಯಿಕ್ ರೋಗ ಇರಬಹುದು. ಈ ರೋಗ ತರುವ ಕೆಲವು ವೈರಸ್‌ಗಳು ಬೀಜದ ಸಿಪ್ಪೆಗೆ ಅಂಟಿಕೊಂಡೇ ಊರೂರು ಸುತ್ತುತ್ತವೆ, ಕೈಯಿಂದ, ಕತ್ತರಿಯಿಂದಲೂ ಹರಡುತ್ತವೆ. ಬಿಸಿನೀರಿನಲ್ಲಿ ಅದ್ದಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಅನುಮಾನ ಬಂದ ಗಿಡದ ಬೀಜವನ್ನು ನಾನು ಮನೆಯೊಳಗೂ ತರುವುದಿಲ್ಲ. ಬೇರೆ ದೇಶದ ಗೆಳೆಯರಿಗೆ ಅಂಚೆಯಲ್ಲಿ ಸುಮ್ನೆ ಕಳಿಸುವುದೂ ಬೇಡ. ಹೆಚ್ಚಿನ ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ, ಅದು ಸರಿಯೇ ಇದೆ.

ಪ್ರಶ್ನೆ: ಹೈಬ್ರಿಡ್ ಕಾಯಿಯ ಬೀಜ ಬಿತ್ತಿದರೆ ಅದೇ ಕಾಯಿ ಬರುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಅಜ್ಜಿ ಇಟ್ಟಿದ್ದ ಹಳೇ ಮೆಣಸಿನ ಬೀಜ ಸಿಕ್ಕಿದೆ, ಇಪ್ಪತ್ತೇ ಬೀಜ. ಹೇಗೆ ಉಳಿಸಲಿ?

ಉತ್ತರ: ಹಾಲಿನಲ್ಲಿ ನೆನೆಸುವ ಪ್ರಯೋಗ ಬೇಡ. ಎಲ್ಲವನ್ನೂ ಒಂದೇ ದಿನ ಬಿತ್ತಲೂ ಬೇಡ. ಒದ್ದೆ ಕಾಗದದ ನಡುವೆ ಏಳು ಬೀಜ ಇಟ್ಟು 25ರಿಂದ 30 ಡಿಗ್ರಿ ಬೆಚ್ಚಗಿನ ಜಾಗದಲ್ಲಿಡಿ. ಹೊಸ ಬೀಜ ಎರಡು ವಾರದಲ್ಲಿ ಮೊಳೆತರೆ ಹಳೆಯದು ಒಂದೂವರೆ ತಿಂಗಳು ತೆಗೆದುಕೊಳ್ಳಬಹುದು, ಅಲ್ಲಿಯವರೆಗೆ ಬಿಸಾಡಬೇಡಿ. ಉಳಿದ ಹದಿಮೂರನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಡ್ಜ್‌ನಲ್ಲಿಡಿ. ಬೀಜದ ತೇವಾಂಶ ಶೇಕಡಾ 1 ಇಳಿದರೆ ಅದರ ಆಯಸ್ಸು ಸುಮಾರು ದುಪ್ಪಟ್ಟಾಗುತ್ತದೆ, ಉಷ್ಣತೆ 5 ಡಿಗ್ರಿ ಇಳಿದರೆ ಇನ್ನೊಂದು ದುಪ್ಪಟ್ಟು. ಹೊರಗೆ ತೆಗೆದಾಗ ಬಾಟಲಿಯ ತಣುಪು ಪೂರ್ತಿ ಹೋಗುವ ತನಕ ಮುಚ್ಚಳ ತೆರೆಯಬೇಡಿ, ಇಲ್ಲದಿದ್ದರೆ ಬೀಜದ ಮೇಲೆ ನೀರಿನ ಪಸೆ ಕೂರುತ್ತದೆ. ಒಂದು ಗಿಡ ಬಂದರೂ ಸಾಕು, ಮೊದಲ ಮೊಗ್ಗಿಗೇ ಚೀಲ ಕಟ್ಟಿ.