ಮಾಗಡಿ ಕೆರೆಯ ಹೆಬ್ಬಾತು ಮರಳಿ ಹೋಗುವುದೇಕೆ?

ಪ್ರಶ್ನೆ: ನಮ್ಮೂರ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ತಲೆಯ ಮೇಲೆ ಕಪ್ಪು ಪಟ್ಟೆ ಇರುವ ದೊಡ್ಡ ಬಾತುಗಳು ಬರುತ್ತವೆ. ಚಳಿ ತಡೆಯಲಾಗದೆ ಬರುತ್ತವೆ ಎನ್ನುತ್ತಾರೆ, ಇರಲಿ. ಆದರೆ ಇಲ್ಲಿ ನೀರೂ ಇದೆ, ಹೊಲದಲ್ಲಿ ಕಾಳೂ ಇದೆ. ಮತ್ತೆ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಮನೆಯ ಗುಬ್ಬಚ್ಚಿ ಎಲ್ಲಿಗೂ ಹೋಗುವುದಿಲ್ಲವಲ್ಲ?
– ಓದುಗರು, ಲಕ್ಷ್ಮೇಶ್ವರ (ಗದಗ ಜಿಲ್ಲೆ)

ಉತ್ತರ: ಬರುವುದು ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಹೋಗುವುದು ಯಾಕೆ ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದೇ ಸರಿಯಾದ ಪ್ರಶ್ನೆ.

ಮೊದಲು ಚಳಿಯ ಮಾತು. ಪಟ್ಟೆತಲೆ ಹೆಬ್ಬಾತಿಗೆ ಚಳಿ ದೊಡ್ಡ ಶತ್ರುವಲ್ಲ, ಗರಿಯ ಕೆಳಗೆ ದಪ್ಪ ತುಪ್ಪಳವಿದೆ. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಸರೋವರಗಳು ಹೆಪ್ಪುಗಟ್ಟಿ ಹುಲ್ಲು ಹಿಮದಡಿ ಸೇರಿದಾಗ ಅದಕ್ಕೆ ಹೊಟ್ಟೆಗಿಲ್ಲ. ಅದಕ್ಕೇ ಹೊರಡುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದಾರಿಯಲ್ಲಿ ಹಿಮಾಲಯ. ಉಪಗ್ರಹ ಸಾಧನ ಕಟ್ಟಿ ಗಮನಿಸಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರಕ್ಕೆ ಏರಿದ್ದು ದಾಖಲಾಗಿದೆ. ಹೆಚ್ಚಿನವು ಇನ್ನೂ ಕೆಳಗೆ, ಕಣಿವೆಗಳ ದಾರಿ ಹಿಡಿದೇ ದಾಟುತ್ತವೆ. ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ರಕ್ತ ಅದರದ್ದು.

ಇಷ್ಟು ಕಷ್ಟಪಟ್ಟು ಬಂದದ್ದು ಮಾರ್ಚ್ ಹೊತ್ತಿಗೆ ಯಾಕೆ ಹೊರಡುತ್ತದೆ? ಮರಿಗಾಗಿ. ಹೆಬ್ಬಾತಿನ ಮುಖ್ಯ ಊಟ ಹುಲ್ಲು. ಅದರಲ್ಲಿ ಸತ್ವ ಕಡಿಮೆ, ಹಾಗಾಗಿ ದಿನವಿಡೀ ಮೇಯಬೇಕು. ಜೂನ್‌ನಲ್ಲಿ ಉತ್ತರ ಮಂಗೋಲಿಯಾದ ಹಗಲು ಸುಮಾರು 16 ತಾಸು, ಗದಗದ್ದು 13. ಆಗಷ್ಟೇ ಚಿಗುರಿದ ಎಳೆ ಹುಲ್ಲು, ಮೇಯಲು ಮೂರು ತಾಸು ಹೆಚ್ಚು. ಕಾವಿಗೆ ಒಂದು ತಿಂಗಳು, ಮರಿ ಹಾರುವಂತಾಗಲು ಇನ್ನೆರಡು ತಿಂಗಳು ಬೇಕು. ಆ ಚಿಕ್ಕ ಬೇಸಿಗೆಯಲ್ಲಿ ಎಲ್ಲ ಮುಗಿಯಬೇಕು.

ಇನ್ನೊಂದು ಸಂಗತಿ ಇದೆ. ಸಂತಾನದ ಕಾಲ ಮುಗಿಯುತ್ತಲೇ ಹೆಬ್ಬಾತು ರೆಕ್ಕೆಯ ಹಾರುಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತದೆ. ಹೊಸ ಗರಿ ಬರುವವರೆಗೆ, ಸುಮಾರು ಒಂದು ತಿಂಗಳು, ಹಾರಲು ಆಗದು. ನರಿ, ನಾಯಿ ಬಂದರೆ ನೀರಿಗೆ ಇಳಿಯುವುದೊಂದೇ ದಾರಿ. ಜನವಸತಿಯಿಲ್ಲದ ವಿಶಾಲ ಸರೋವರ ಅದಕ್ಕೆ ಬೇಕು. ನಮ್ಮ ಮಾಗಡಿ ಕೆರೆ ಮಳೆನೀರಿನದು, ಬೇಸಿಗೆಯಲ್ಲಿ ದಡ ಬಿಟ್ಟು ಒಳಗೆ ಸರಿಯುತ್ತದೆ, ಸುತ್ತ ನಾಯಿಗಳೂ ಇವೆ. ಹಾರಲಾಗದ ಹಕ್ಕಿಯನ್ನು ಅಲ್ಲಿ ಊಹಿಸಿಕೊಳ್ಳಿ.

ಹೊರಡುವ ಹೊತ್ತನ್ನು ಹಗಲಿನ ಉದ್ದವೇ ತಿಳಿಸುತ್ತದೆ. ದಿನ ಹಿಗ್ಗಿದಂತೆ ದೇಹದಲ್ಲಿ ಕೊಬ್ಬು ತುಂಬುತ್ತದೆ, ಚಡಪಡಿಕೆ ಶುರುವಾಗುತ್ತದೆ. ದಾರಿಯನ್ನು ಮಾತ್ರ ಮರಿಗಳು ಅಪ್ಪ ಅಮ್ಮನ ಜೊತೆ ಹಾರುತ್ತಲೇ ಕಲಿಯುತ್ತವೆ.

ಗುಬ್ಬಚ್ಚಿಯ ಲೆಕ್ಕ ಬೇರೆ. ಅಂಗಳದ ಜೋಳದ ಕಾಳು, ಮರಿಗೆ ಹುಳು, ಗೂಡಿಗೆ ಜಂತೆಯ ಸಂದು, ಎಲ್ಲವೂ ಕೂಗಳತೆಯಲ್ಲಿ ವರ್ಷವಿಡೀ ಸಿಗುತ್ತವೆ. ಬಿಟ್ಟುಹೋದರೆ ಆ ಸಂದನ್ನು ಇನ್ನೊಂದು ಜೋಡಿ ಹಿಡಿಯುತ್ತದೆ. ನಿಮ್ಮ ಭಾಗದಲ್ಲಿ ಮಳೆ ಬಿದ್ದು ಎರೆನೆಲ ಕೆಸರಾದರೆ ಕುರಿಯ ಕಾಲಿಗೆ ರೋಗ ಬರುತ್ತದೆಂದು ಮಂದೆ ಹೊಡೆದುಕೊಂಡು ಹೋಗುವ ಕುರಿಗಾಹಿಗಳನ್ನು ನೋಡಿದ್ದೀರಿ. ಅವರು ಗುಬ್ಬಚ್ಚಿಯ ಹಾಗಲ್ಲ, ಹೆಬ್ಬಾತಿನ ಹಾಗೆ, ಇದ್ದ ಜಾಗ ಒಗ್ಗದ ಕಾಲಕ್ಕೆ ಮುಂದಿನ ಜಾಗ ತಿಳಿದು ಹೊರಡುವವರು.

ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದೆ. ಕತ್ತಲಾದ ಮೇಲೆ ಹೆಬ್ಬಾತುಗಳು ಹೊಲಕ್ಕಿಳಿಯುವುದರಿಂದ ರೈತರಿಗೆ ನಷ್ಟವಾಗುವುದು ನಿಜ, ಅದಕ್ಕೆ ಪರಿಹಾರ ಸಿಗಲೇಬೇಕು. ಹಾಗೆಂದು ಪಟಾಕಿ ಹೊಡೆದು ಓಡಿಸಬೇಡಿ. ಫೆಬ್ರುವರಿಯಲ್ಲಿ ಅವು ಕೂಡಿಸಿಕೊಳ್ಳುವ ಕೊಬ್ಬೇ ದಾರಿಯ ಬುತ್ತಿ. ಬೆಳಗ್ಗೆ ಹಿಂಡು ಕೆರೆಗೆ ಮರಳುವ ಹೊತ್ತಿಗೆ ದುರ್ಬೀನು ಹಿಡಿದು ದಡದಲ್ಲಿ ದೂರವೇ ಕೂತುಕೊಳ್ಳಿ. ಕುತ್ತಿಗೆಯಲ್ಲಿ ಪಟ್ಟಿ ಇರುವ ಹಕ್ಕಿ ಕಂಡರೆ ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ಕೊಡಿ.