ಕೆನಡಾದಲ್ಲಿ ಅಪಘಾತ, ಮನೆ ಅಮೆರಿಕದಲ್ಲಿ: ದಾವೆ ಎಲ್ಲಿ ಹೂಡಬೇಕು, ವೀಸಾ ಗತಿಯೇನು?

ನೀವು ಬರೆದದ್ದರ ಸಾರಾಂಶ ಇಷ್ಟು: ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಎಚ್-1ಬಿ ಉದ್ಯೋಗ ವೀಸಾ ಮೇಲೆ ಕೆಲಸ. ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ನಿಮ್ಮದೇ ಕಾರಿನಲ್ಲಿ ನಯಾಗರಾದ ಕೆನಡಾ ಬದಿಗೆ ಕರೆದುಕೊಂಡು ಹೋದಿರಿ. ಅಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾರೊಂದು ಹಿಂದಿನಿಂದ ಗುದ್ದಿ ಅಮ್ಮನ ಸೊಂಟದ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆ ಆಯಿತು. ನೀವು ಕೆನಡಾಕ್ಕೆ ಬಂದು ಇವತ್ತಿಗೆ 19 ದಿನ. ನಿಮ್ಮ ಪಾಸ್‌ಪೋರ್ಟಿನ ಅಮೆರಿಕ ವೀಸಾ ಮುಗಿದಿದೆ, ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಐ-94 ದಾಖಲೆ ಮಾತ್ರ ಚಾಲ್ತಿಯಲ್ಲಿದೆ. "ನ್ಯೂಯಾರ್ಕ್‌ನಲ್ಲಿ ದಾವೆಗೆ ಮೂರು ವರ್ಷ ಸಮಯ ಇದೆಯಂತೆ, ವಾಪಸ್ ಹೋದಮೇಲೆ ನಿಧಾನಕ್ಕೆ ನೋಡಿಕೊಳ್ಳಬಹುದೇ" ಎಂದು ಕೇಳಿದ್ದೀರಿ.

ನಾನು ಟೊರೊಂಟೊದ ಒಂದು ವಕೀಲರ ಕಚೇರಿಯಲ್ಲಿ ಅಪಘಾತ ಪರಿಹಾರದ ಕಡತಗಳನ್ನು ನೋಡಿಕೊಳ್ಳುತ್ತೇನೆ. ನಾನು ವಕೀಲನಲ್ಲ, ಆದರೆ ಗಡಿ ದಾಟಿ ಬಂದವರ ಕಡತಗಳು ಎಲ್ಲಿ ಮುಗ್ಗರಿಸುತ್ತವೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಮೊದಲು ನಿಮ್ಮ ವಿಷಯ, ಆಮೇಲೆ ಅಮ್ಮನದು. ಇದು ಕಠೋರ ಅನ್ನಿಸಬಹುದು. ಆದರೆ ಪರಿಹಾರದ ಗಡುವುಗಳಿಗೆ ಸ್ವಲ್ಪ ಸಡಿಲ ಇದೆ, ನಿಮ್ಮ 30 ದಿನಕ್ಕೆ ಇಲ್ಲ. ವೀಸಾ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿರುವವರು ಕೆನಡಾ ಅಥವಾ ಮೆಕ್ಸಿಕೊಗೆ ಹೋಗಿ 30 ದಿನದೊಳಗೆ ಅಮೆರಿಕಕ್ಕೆ ಮರಳಬಹುದು. ಇದಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಅನ್ನುತ್ತಾರೆ. ನೀವು ನೆಚ್ಚಿಕೊಂಡು ಬಂದಿರುವುದು ಇದನ್ನೇ. ಅಮ್ಮ ಆಸ್ಪತ್ರೆಯಲ್ಲಿದ್ದರು ಅಂದ ಮಾತ್ರಕ್ಕೆ 31ನೇ ದಿನ ಸಿಗುವುದಿಲ್ಲ. ದಾಟಿದರೆ ಹೊಸ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಬೇಕು, ಅದಕ್ಕೆ ಭಾರತಕ್ಕೇ ಹೋಗಬೇಕಾಗಿ ಬರಬಹುದು. ಇನ್ನೊಂದು ಎಚ್ಚರಿಕೆ: "ಹೇಗೂ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೀಯಲ್ಲ, ಟೊರೊಂಟೊದಲ್ಲೇ ಸ್ಟಾಂಪಿಂಗ್‌ಗೆ ಅರ್ಜಿ ಹಾಕು" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹೊಸ ವೀಸಾಕ್ಕೆ ಅರ್ಜಿ ಹಾಕಿದ ಕ್ಷಣ ಈ 30 ದಿನದ ಸೌಲಭ್ಯವೇ ಕೈತಪ್ಪುತ್ತದೆ. ನಮ್ಮಲ್ಲಿಗೆ ಬಂದಿದ್ದ ಒಬ್ಬ ಮಗ ಇದೇ ತಪ್ಪು ಮಾಡಿ, ತಾಯಿಯನ್ನೂ ಕೆಲಸವನ್ನೂ ಎರಡು ದೇಶಗಳಲ್ಲಿ ಬಿಟ್ಟು ಮೂರನೆಯ ದೇಶಕ್ಕೆ ವಿಮಾನ ಹತ್ತಬೇಕಾಯಿತು. ಆ ದಿನ ಅವರ ಮುಖ ನೋಡಲಾಗಲಿಲ್ಲ.

ಹಾಗಾಗಿ ಅಮ್ಮನ ಜೊತೆ ಅಪ್ಪನನ್ನು ಬಿಟ್ಟು, 27ನೇ ದಿನದ ಆಸುಪಾಸಿನಲ್ಲಿ ನೀವು ಒಮ್ಮೆ ರೋಚೆಸ್ಟರ್‌ಗೆ ಹೋಗಿಬನ್ನಿ. ಮರಳಿ ಕೆನಡಾಕ್ಕೆ ಬಂದರೆ ಆ ಪ್ರಯಾಣಕ್ಕೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ನಿಮ್ಮ ಕೆನಡಾ ವೀಸಾ ಇನ್ನೊಮ್ಮೆ ಒಳಗೆ ಬರಲು ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಗಡಿಯಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ, ಆಸ್ಪತ್ರೆಯ ಕಾಗದ ಜೊತೆಗಿರಲಿ.

ಅಮ್ಮನಿಗೆ ಅಮೆರಿಕಕ್ಕೆ ಮರಳಲೇಬೇಕೆಂಬ ಒತ್ತಡ ಇಲ್ಲ. ಅವರು ಅಮೆರಿಕದಿಂದ ಹೊರಗೇ ಇರುವುದರಿಂದ ಅಲ್ಲಿ ಅವಧಿ ಮೀರಿ ಉಳಿದಂತಾಗುವುದಿಲ್ಲ. ಗುಣವಾದ ಮೇಲೆ ಟೊರೊಂಟೊದಿಂದಲೇ ಭಾರತಕ್ಕೆ ಹೋಗಬಹುದು. ಕೆನಡಾದಲ್ಲಿ ಸಂದರ್ಶಕರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ, ಗಡಿ ಅಧಿಕಾರಿ ಬೇರೆ ದಿನಾಂಕ ಬರೆದಿದ್ದರೆ ಅದೇ ಅಂತಿಮ. ಸಾಲದಿದ್ದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ಹಾಕಿದ್ದರೆ ತೀರ್ಮಾನ ಬರುವವರೆಗೂ ಅವರ ವಾಸ ಕಾನೂನುಬದ್ಧ.

ಈಗ ದಾವೆ. ನಿಮ್ಮ ಸ್ನೇಹಿತರು ಹೇಳಿದ ಮೂರು ವರ್ಷ ನ್ಯೂಯಾರ್ಕ್‌ನ ಮಟ್ಟಿಗೆ ನಿಜ, ಆದರೆ ಇದು ನ್ಯೂಯಾರ್ಕ್‌ನ ಅಪಘಾತವಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1994ರ ಟೊಲೋಫ್ಸನ್ ಪ್ರಕರಣದಲ್ಲಿ ಹೇಳಿದ್ದು ಸ್ಪಷ್ಟ: ಗಾಯ ಎಲ್ಲಾಯಿತೋ ಅಲ್ಲಿನ ಕಾನೂನು, ಕಾಲಮಿತಿಯೂ ಅಲ್ಲಿನದೇ. ಆ ಪ್ರಕರಣದ ಹುಡುಗ ಬ್ರಿಟಿಷ್ ಕೊಲಂಬಿಯಾದವನು, ಅಪ್ಪನ ಕಾರಿನಲ್ಲಿದ್ದಾಗ ಪೆಟ್ಟಾದದ್ದು ಸಸ್ಕಾಚೆವಾನ್‌ನಲ್ಲಿ. ತನ್ನ ಊರಿನ ಕಾನೂನು ಅವನ ನೆರವಿಗೆ ಬರಲಿಲ್ಲ. ಒಂಟಾರಿಯೊದಲ್ಲಿ ಸಾಮಾನ್ಯ ಕಾಲಮಿತಿ ಎರಡು ವರ್ಷ. ಗುದ್ದಿದ ಚಾಲಕ ಅಲ್ಲಿಯವನೇ ಆದ್ದರಿಂದ ಅವನನ್ನು ನ್ಯೂಯಾರ್ಕ್ ಕೋರ್ಟಿಗೆ ಎಳೆಯುವುದೂ ಸುಲಭವಲ್ಲ. ಆದ್ದರಿಂದ ಒಂಟಾರಿಯೊದ ವಕೀಲರನ್ನೇ ಹಿಡಿಯಿರಿ.

ಎರಡು ವರ್ಷಕ್ಕಿಂತ ಮೊದಲೇ ಬರುವ ಸಣ್ಣ ಗಡುವುಗಳೇ ಜನರನ್ನು ಕೆಡಿಸುವುದು. ತಪ್ಪು ಯಾರದ್ದಾದರೂ ಸಿಗುವ ಅಪಘಾತ ಸೌಲಭ್ಯಕ್ಕಾಗಿ ನಿಮ್ಮ ಕಾರಿನ ವಿಮಾ ಕಂಪನಿಗೆ 7 ದಿನದಲ್ಲಿ ತಿಳಿಸಬೇಕಿತ್ತು. ದಾಟಿಹೋಗಿದೆ, ಆದರೆ ಸಕಾರಣ ಇದ್ದರೆ ತಡವನ್ನು ಒಪ್ಪುತ್ತಾರೆ. ಇವತ್ತೇ ಫೋನ್ ಮಾಡಿ, ಅದನ್ನೇ ಇಮೇಲ್‌ನಲ್ಲೂ ಬರೆಯಿರಿ. ಅವರು ಫಾರಂ ಕಳಿಸಿದ ಮೇಲೆ ತುಂಬಿ ಕೊಡಲು 30 ದಿನ. ಎದುರಿನ ಚಾಲಕನಿಗೆ ದಾವೆಯ ಉದ್ದೇಶ ತಿಳಿಸುವ ಲಿಖಿತ ನೋಟಿಸ್ 120 ದಿನದೊಳಗೆ ಹೋಗಬೇಕು, ಅದನ್ನು ವಕೀಲರು ಮಾಡುತ್ತಾರೆ.

"ನನ್ನದು ಅಮೆರಿಕದ ವಿಮೆ, ಇಲ್ಲಿ ನಡೆಯುತ್ತದೆಯೇ" ಎಂಬ ಅನುಮಾನ ಬೇಡ. ಅಮೆರಿಕದ ಕಾರು ವಿಮೆ ಸಾಮಾನ್ಯವಾಗಿ ಕೆನಡಾದಲ್ಲೂ ಚಾಲ್ತಿ. ಅಲ್ಲದೆ ಅಲ್ಲಿನ ಅನೇಕ ಕಂಪನಿಗಳು ಕೆನಡಾದ ಅಧಿಕಾರಿಗಳಿಗೆ ಮುಚ್ಚಳಿಕೆ ಬರೆದುಕೊಟ್ಟಿವೆ: ಇಲ್ಲಿ ಅಪಘಾತವಾದರೆ ಇಲ್ಲಿನ ಕಂಪನಿ ಹೂಡಲಾಗದ ತಕರಾರನ್ನು ತಾವೂ ಹೂಡುವುದಿಲ್ಲ ಎಂದು. ನಿಮ್ಮ ಕಂಪನಿ ಬರೆದುಕೊಟ್ಟಿದೆಯೇ ಎಂದು ನೇರವಾಗಿ ಕೇಳಿ. ಇದು ಮುಖ್ಯ, ಏಕೆಂದರೆ ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಪ್ರವಾಸಿಗರಿಗೆ ಇಲ್ಲ. ತೀರಾ ಭೀಕರವಲ್ಲದ ಆದರೆ ಸಣ್ಣದೂ ಅಲ್ಲದ ಗಾಯಕ್ಕೆ ಅಪಘಾತ ಸೌಲಭ್ಯದಲ್ಲಿ ಚಿಕಿತ್ಸೆ ಮತ್ತು ಆರೈಕೆಗೆಂದು ಒಟ್ಟು 65,000 ಕೆನಡಾ ಡಾಲರ್‌ವರೆಗೆ ಅವಕಾಶವಿದೆ.

ದಾವೆಯಿಂದ ಅಮೆರಿಕದ ದೊಡ್ಡ ಮೊತ್ತಗಳನ್ನು ನಿರೀಕ್ಷಿಸಬೇಡಿ. ನೋವು ಸಂಕಟಕ್ಕೆ ಕೊಡುವ ಪರಿಹಾರಕ್ಕೆ ಕೆನಡಾದ ಸುಪ್ರೀಂ ಕೋರ್ಟ್ 1978ರಲ್ಲೇ 1 ಲಕ್ಷ ಡಾಲರ್ ಮಿತಿ ಹಾಕಿತು. ಬೆಲೆ ಏರಿಕೆಗೆ ತಕ್ಕಂತೆ ಅದು ಬೆಳೆದಿದೆ, ಆದರೆ ಮಿತಿ ಮಿತಿಯೇ. ಒಂಟಾರಿಯೊದ ಕಾರು ಅಪಘಾತಗಳಲ್ಲಿ ಗಾಯ ಶಾಶ್ವತ ಮತ್ತು ಗಂಭೀರ ಎಂದು ತೋರಿಸಬೇಕು. ಮೊತ್ತ ತೀರಾ ದೊಡ್ಡದಲ್ಲದಿದ್ದರೆ ಅದರಲ್ಲಿ 40,000 ಡಾಲರಿಗಿಂತ ಹೆಚ್ಚು ಕಡಿತವೂ ಆಗುತ್ತದೆ. ಅಮ್ಮ ಭಾರತದಲ್ಲಿದ್ದುಕೊಂಡೇ ದಾವೆ ನಡೆಸಬಹುದು, ಹೇಳಿಕೆಯನ್ನು ವಿಡಿಯೊ ಮೂಲಕ ಕೊಡಲೂ ಅವಕಾಶವಿದೆ. ಆದರೆ ಒಂಟಾರಿಯೊದ ಹೊರಗೆ ವಾಸಿಸುವವರು ಸೋತರೆ ಎದುರಿನವರ ಖರ್ಚು ಕೊಡಲೆಂದು ಮುಂಚಿತ ಠೇವಣಿ ಇಡಬೇಕೆಂದು ಕೋರ್ಟ್ ಆದೇಶಿಸಬಹುದು. ಇದನ್ನು ವಕೀಲರ ಬಳಿ ಮೊದಲ ಭೇಟಿಯಲ್ಲೇ ಕೇಳಿ.

ದಾವೆ ಹೂಡಿದರೆ ವೀಸಾಕ್ಕೆ ಕುತ್ತು ಬರುತ್ತದೆಂಬ ಭಯ ನಿಮ್ಮ ಅಪ್ಪನಿಗಿದೆ ಎಂದಿರಿ. ಪರಿಹಾರ ಕೇಳುವುದು ಸಿವಿಲ್ ಹಕ್ಕು, ಅಪರಾಧವಲ್ಲ. ಆ ಭಯದಲ್ಲೇ ವಿಮಾ ಕಂಪನಿಯವರು ಚಾಚಿದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಮುಂದಿನ ಚಿಕಿತ್ಸೆಯ ಖರ್ಚನ್ನೆಲ್ಲ ತಾವೇ ಹೊತ್ತ ಹಿರಿಯರನ್ನು ನೋಡಿದ್ದೇನೆ. ವಕೀಲರು ಓದುವವರೆಗೆ ಯಾವ ಕಾಗದಕ್ಕೂ ಅಮ್ಮನ ಸಹಿ ಬೇಡ.

ವಿಸ್ತರಣೆ ಅರ್ಜಿಗೆ ವೈದ್ಯರಿಂದ "ಇಷ್ಟು ವಾರ ಪ್ರಯಾಣ ಮಾಡುವಂತಿಲ್ಲ" ಎಂಬ ಪತ್ರ ತರುತ್ತೀರಲ್ಲ, ಅದೇ ಪತ್ರ ಮುಂದೆ ದಾವೆಯಲ್ಲೂ ಸಾಕ್ಷಿಯಾಗಬಹುದು. ಅರ್ಜಿಯಲ್ಲಿ "ಬೇಗ ಪೂರ್ಣ ಗುಣವಾಗುತ್ತಾರೆ" ಎಂದೂ ದಾವೆಯಲ್ಲಿ "ಶಾಶ್ವತ ತೊಂದರೆ" ಎಂದೂ ಬರೆದರೆ ಎದುರಿನ ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಅರ್ಜಿ ಕಳಿಸುವ ಮೊದಲು ಅದರ ಪ್ರತಿಯನ್ನು ನಿಮ್ಮ ವಕೀಲರಿಗೆ ತೋರಿಸಿ. ಪೊಲೀಸ್ ವರದಿಯ ಸಂಖ್ಯೆ ಮತ್ತು ಎದುರಿನ ಕಾರಿನ ವಿಮೆ ವಿವರಗಳನ್ನು 27ನೇ ದಿನಕ್ಕೆ ಮುಂಚೆಯೇ ಕೈಗೆ ತೆಗೆದುಕೊಳ್ಳಿ. ಗಡಿ ದಾಟಿದ ಮೇಲೆ ಅವನ್ನು ತರಿಸಿಕೊಳ್ಳಲು ವಾರಗಳು ಹಿಡಿದದ್ದುಂಟು.